ಕೆಂಪು ಗೆರೆ, ಹಳದಿ ಗೆರೆ

ಯಜ್ಞೇಶ್ವರ ಐತಾಳ ಈ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ತೀರಿಕೊಂಡ. ಡೊಂಬಿವಲಿ ಪೂರ್ವದಲ್ಲಿ, ಅಣ್ಣನ ಹೋಟೆಲಿನ ಹಿಂಬದಿಯಲ್ಲಿದ್ದ ತನ್ನ ವರ್ಕ್‌ಶಾಪಿನಲ್ಲಿ, ಸ್ಟೂಲಿನ ಮೇಲೆ ಕೂತಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ಅರುವತ್ತು ತುಂಬಿರಲಿಲ್ಲ.

ಸ್ಮಶಾನದಿಂದ ವಾಪಸು ಬರುವಾಗ ರಿಕ್ಷಾದಲ್ಲಿ ಅಣ್ಣ ವಾಸು, ಯಾರಿಗೆ ಅಂತಲ್ಲದೆ, "ಅವ ಇದ್ದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕರೆಸುತ್ತಿದ್ದ" ಎಂದ. ಯಾರೂ ನಗಲಿಲ್ಲ. ಆದರೆ ಮಾತು ನಿಜವಾಗಿತ್ತು. ತಾನು ಸತ್ತೆ ಎಂಬುದನ್ನು ಒಬ್ಬನೇ ಡಾಕ್ಟರ ಬಾಯಿಂದ ಕೇಳಿ ನಂಬುವ ಜನವಲ್ಲ ಯಜ್ಞೇಶ್ವರ.

ಸಂಶಯ ಅವನಿಗೆ ಹುಟ್ಟಿನಿಂದ ಬಂದದ್ದು. ಕಲ್ಯಾಣ ಸ್ಟೇಷನ್ನಿನಲ್ಲಿ ಫಾಸ್ಟ್ ಗಾಡಿ ಬಂತು ಎಂದು ಅನೌನ್ಸ್‌ಮೆಂಟ್ ಆದರೆ ಅವನು ಬೋರ್ಡು ನೋಡುತ್ತಿದ್ದ. ಬೋರ್ಡು ನೋಡಿದ ಮೇಲೆ ಗಾಡಿಯೊಳಗಿದ್ದವನನ್ನು ಕೇಳುತ್ತಿದ್ದ. ಆ ಮನುಷ್ಯನೂ ತಪ್ಪಿ ಹತ್ತಿರಬಹುದಲ್ಲ ಎಂದು ಅವನ ಪಕ್ಕದವನನ್ನು ಕೇಳುವಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಹರೆಯದಲ್ಲಿ ಒಂದು ಸಂಬಂಧ ಕೂಡಿಬಂದಿತ್ತು. ಜಾತಕ ಚೆನ್ನಾಗಿ ಹೊಂದಿದೆ ಎಂದು ಭಟ್ಟರು ಹೇಳಿದ್ದೇ ಅವನಿಗೆ ಅನುಮಾನಕ್ಕೆ ಕಾರಣವಾಯಿತು. ಇಷ್ಟು ಚೆನ್ನಾಗಿ ಹೊಂದುವುದುಂಟೆ ಎಂದು ಹೇಳದೆ ಕೇಳದೆ ಎರಡನೇ ಸಲ ಹುಡುಗಿಯ ಮನೆ ನೋಡಲು ಹೋದ. ಹುಡುಗಿಯ ಅಪ್ಪ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರು. ಆಮೇಲೆ ಮದುವೆಯ ಮಾತು ಯಾರೂ ಎತ್ತಲಿಲ್ಲ. ಹೋಟೆಲಿನ ಮೇಲಿನ ಮನೆಯಲ್ಲಿ ಅಣ್ಣ ವಾಸು, ಅತ್ತಿಗೆ ರಮಾಮಣಿ, ಮೂಲೆಯ ಕೋಣೆಯಲ್ಲಿ ಅವನು. ಹಾಗೆಯೇ ದಿನ ಕಳೆಯಿತು.

ಹೋಟೆಲಿನಲ್ಲಿ ಅವನಿಗೆ ಒಪ್ಪುವ ಕೆಲಸ ಸಿಗಲಿಲ್ಲ. ಕಲ್ಯಾಣದ ಮಾರ್ಕೆಟಿಗೆ ತರಕಾರಿ ತರಲು ಕಳಿಸಿದರೆ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡಿ ತರುತ್ತಿದ್ದ, ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮುಗಿದಿರುತ್ತಿತ್ತು. ಕೊನೆಗೆ ವಾಸು, "ನೀನು ಎಂತ ಬೇಕಾದರೂ ಮಾಡು ಮಾರಾಯ, ಹೋಟೆಲೊಂದು ಬಿಟ್ಟು" ಎಂದು, ಖಾಲಿ ಬಿದ್ದಿದ್ದ ಹಳೆಯ ಅರೆಯುವ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟ. ಅರೆಯುವ ಕಲ್ಲು ಹೋಗಿ ಯಂತ್ರ ಬಂದ ಮೇಲೆ ಆ ಕೋಣೆ ಯಾರಿಗೂ ಬೇಡವಾಗಿತ್ತು.

ಸೈಕಲ್ ಬಂದದ್ದೂ ಸಂಶಯದ ದಾರಿಯಲ್ಲೇ. ಠಾಣೆ ನಗರದಲ್ಲಿ ಎತ್ತರದ ಟವರಿನ ಫ್ಲ್ಯಾಟಿನಲ್ಲಿದ್ದ ಒಬ್ಬರಿಂದ ಅವನು ಹಳೆಯ ಮೌಂಟನ್ ಬೈಕ್ ಒಂದನ್ನು ಕೊಂಡ. ಬೆಳಿಗ್ಗೆ ಮಲಂಗಗಡದ ಕಡೆಗೆ ಹೋಗಿ ಬರಲು. ಮುಂದಿನ ಫೋರ್ಕಿನಿಂದ, ಅಂದರೆ ಚಕ್ರವನ್ನು ಹಿಡಿದುಕೊಂಡು ಕುಪ್ಪಳಿಸುವ ಆ ಎರಡು ಕಾಲುಗಳಿಂದ, ಎಣ್ಣೆ ಜಿನುಗುತ್ತಿತ್ತು. ಅಂಗಡಿಯವನು ಇಡೀ ಫೋರ್ಕನ್ನೇ ಬದಲಿಸಬೇಕು ಎಂದ. ಯಜ್ಞೇಶ್ವರ ನಂಬಲಿಲ್ಲ. ಮನೆಗೆ ತಂದು ಅರೆಯುವ ಕೋಣೆಯ ನೆಲಕ್ಕೆ ಹಳೆಯ ಪೇಪರು ಹಾಸಿ ಬಿಚ್ಚಿದ. ಒಳಗೆ ಸೀಲು, ಸ್ಪಂಜಿನ ಬಳೆ, ಚಮಚೆಯಷ್ಟು ಎಣ್ಣೆ, ಅರ್ಧ ಗಾಳಿ. ಇಷ್ಟೇ ಅಲ್ಲವೆ ಎಂದುಕೊಂಡ. ಹೊಸ ಸೀಲು ಹಾಕಿ ಮುಚ್ಚಿದ. ಮತ್ತೆ ಜಿನುಗಿತು. ಮತ್ತೆ ಬಿಚ್ಚಿದ.

ಸೈದಪ್ಪ ಅವನ ಬಾಳಿನಲ್ಲಿ ಬಂದದ್ದು ಹೀಗೆ ಮೂರನೆಯದೋ ನಾಲ್ಕನೆಯದೋ ಸಲ ಬಿಚ್ಚಿದ ದಿನ. ಸೈದಪ್ಪ ಸೇಡಂ ಕಡೆಯವನು, ಮನೆ ಶಹಾಡದಲ್ಲಿ. ರಬಾಳೆಯ ಒಂದು ಕಾರ್ಖಾನೆಯಲ್ಲಿ ಎಣ್ಣೆಯ ಒತ್ತಡದಿಂದ ತಗಡು ಬಗ್ಗಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದು, ಆ ವಿಭಾಗ ಮುಚ್ಚಿದ ಮೇಲೆ ಮನೆಯಲ್ಲಿದ್ದ. ಹೋಟೆಲಿಗೆ ಚಹಾಕ್ಕೆ ಬಂದವನು ಹಿಂದಿನಿಂದ ಬೈಗುಳ ಕೇಳಿ ಇಣುಕಿದ.

"ಸೀಲ್ ತಲಿಕೆಳಗ ಹಾಕೀರ್ರೀ."

"ನಿಮಗೆ ಸೈಕಲ್ ಗೊತ್ತುಂಟೋ?"

"ಸೈಕಲ್ ಗೊತ್ತಿಲ್ಲ. ಸೀಲ್ ಗೊತ್ತದ."

ಯಜ್ಞೇಶ್ವರ ಅದನ್ನು ತಿರುಗಿಸಿ ಹಾಕಿದ್ದು ಸೈದಪ್ಪನ ಮಾತು ಸುಳ್ಳೆಂದು ತೋರಿಸಲು. ಜಿನುಗುವುದು ನಿಂತಿತು. ಯಜ್ಞೇಶ್ವರ ಮುಖ ಗಂಟುಹಾಕಿ, "ಇವತ್ತು ನಿಂತಿದೆ. ನಾಳೆ ನೋಡುವ" ಎಂದ. ನಾಳೆಯೂ ಸೈದಪ್ಪ ಬಂದ. ಎಣ್ಣೆ ಜಿನುಗಿರಲಿಲ್ಲ. "ನಾಡಿದ್ದೂ ಬನ್ನಿ" ಎಂದ ಯಜ್ಞೇಶ್ವರ. ಹಾಗೆ ಬರತೊಡಗಿದವನು, ಮುಂದೆ ಬೇರೆಯವರೂ ಸೈಕಲ್ ತರತೊಡಗಿ ಆ ಕೋಣೆ ರಿಪೇರಿ ಅಂಗಡಿಯಾದಾಗ, ಅದರ ಅರ್ಧಭಾಗವೇ ಆದ. ಫೋರ್ಕು, ಹಿಂದಿನ ಶಾಕ್ ಅಬ್ಸಾರ್ಬರ್, ಸೀಲು, ಎಣ್ಣೆ ಸೈದಪ್ಪನದು. ಬ್ರೇಕು, ಗೇರು, ಚಕ್ರ ಯಜ್ಞೇಶ್ವರನದು. ಮರೆತುಹೋದ ಯಾವುದೋ ದಿನ 'ನೀವು' ಎಂಬುದು 'ನೀನು' ಆಯಿತು, ಯಜ್ಞೇಶ್ವರನ ಕಡೆಯಿಂದ ಮಾತ್ರ. ಸೈದಪ್ಪನಿಗೆ ಅವನು ಕೊನೆಯವರೆಗೂ 'ಐತಾಳ್ರ'.

ಇಬ್ಬರಿಗೂ ಮಧ್ಯಾಹ್ನದ ಊಟ ರಮಾಮಣಿಯ ಅಡಿಗೆಮನೆಯಿಂದ ಬರುತ್ತಿತ್ತು. ಸೈದಪ್ಪನಿಗೆ ಒಂದೇ ತಕರಾರು. ಅವನು ಶೇಂಗಾ ಎಣ್ಣೆಯಲ್ಲಿ ಬೆಳೆದ ಮನುಷ್ಯ. "ಅಕ್ಕಾರ ಕೈರುಚಿ ಭಾಳ ಛಲೋ ಅದ. ಖರೇ ನಿಮ್ಮ ಮನ್ಯಾಗ ನೀರಿಗೂ ಕೊಬ್ರಿ ಎಣ್ಣಿ ವಾಸನಿ ಬರ್ತದ ನೋಡ್ರಿ" ಎನ್ನುತ್ತಿದ್ದ. ಯಜ್ಞೇಶ್ವರ ತಟ್ಟೆಯನ್ನು ಮೂಗಿನ ಹತ್ತಿರ ತಂದು, "ಎಂತ ವಾಸನೆಯೂ ಇಲ್ಲ. ನಿನ್ನ ಮೂಗಿನಲ್ಲೇ ಉಂಟು ದೋಷ" ಎನ್ನುತ್ತಿದ್ದ. ಇದು ಅವರ ನಿತ್ಯದ ಜಗಳ.

ಬೆಟ್ಟ ಇಳಿಯುವ ಸೈಕಲ್ ಎಂದರೆ ಸಂಶಯದ ಮನುಷ್ಯನಿಗೆ ಹೇಳಿ ಮಾಡಿಸಿದ ವಸ್ತು. ಅಲ್ಲಿ ಏನನ್ನೂ ಮಾತಿನ ಮೇಲೆ ನಂಬುವ ಹಾಗಿಲ್ಲ. ಫೋರ್ಕಿಗೆ ಎಷ್ಟು ಗಾಳಿ ತುಂಬಬೇಕು ಎಂಬುದು ಸವಾರನ ತೂಕದ ಮೇಲೆ. ತೂಕ ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂಬುದು ಯಜ್ಞೇಶ್ವರನ ದೃಢವಾದ ಅಭಿಪ್ರಾಯ. ಹಾಗಾಗಿ ಬಂದವರನ್ನೆಲ್ಲ ಮೊದಲು ಹೋಟೆಲಿನ ಬಟಾಟೆ ತೂಗುವ ಕಾಟಾದ ಮೇಲೆ ಹತ್ತಿಸುತ್ತಿದ್ದ, ಬೆನ್ನಿನ ಚೀಲ, ಹೆಲ್ಮೆಟ್, ನೀರಿನ ಬಾಟಲಿ ಸಮೇತ. ದೊಡ್ಡ ಕಂಪನಿಯ ಮ್ಯಾನೇಜರುಗಳು ಬಟಾಟೆ ಮೂಟೆಗಳ ನಡುವೆ ಗಂಭೀರವಾಗಿ ನಿಂತಿರುತ್ತಿದ್ದರು. ಆಮೇಲೆ ಸೈಕಲ್ ಮೇಲೆ ಕೂರಿಸಿ, ಫೋರ್ಕಿನ ಕಾಲಿಗೆ ಹಾಕಿದ ರಬ್ಬರ್ ಉಂಗುರ ಎಷ್ಟು ಕೆಳಗೆ ಸರಿಯಿತು ಎಂದು ಬಗ್ಗಿ ನೋಡುತ್ತಿದ್ದ. ಸವಾರ ಸುಮ್ಮನೆ ಕೂತಾಗ ಫೋರ್ಕು ತನ್ನ ಓಟದ ಕಾಲುಭಾಗದ ಆಸುಪಾಸು ಕುಗ್ಗಬೇಕು. ಹೆಚ್ಚು ಕುಗ್ಗಿದರೆ ಗಾಳಿ ಸಾಲದು. ಕುಗ್ಗದೇ ಇದ್ದರೆ ಹೊಂಡದ ಪೆಟ್ಟೆಲ್ಲ ಕೈಗೆ. "ಉಂಗುರ ಇಷ್ಟೇ ಅಂತ ಹೇಳಿದೆ. ಇನ್ನು ನೀವು ಎಂತ ಹೇಳಿದರೂ ನಾನು ಕೇಳುವುದಿಲ್ಲ" ಎನ್ನುತ್ತಿದ್ದ.

ಬೋಲ್ಟುಗಳ ವಿಷಯದಲ್ಲಂತೂ ಪದ್ಧತಿ ಇನ್ನೂ ಬಿಗಿ. ಅಂಗಡಿಯಲ್ಲಿ ಒಂದು ಟಾರ್ಕ್ ಪಾನಾ ಇತ್ತು, ಬೋಲ್ಟು ಬೇಕಾದಷ್ಟು ಬಿಗಿಯಾದ ಕ್ಷಣ 'ಟಕ್' ಎಂದು ಹೇಳುವಂಥದು. ಸೈದಪ್ಪ ಬೋಲ್ಟು ಬಿಗಿದು, ಟಕ್ ಕೇಳಿದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ಬೋಲ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಅದಾದ ಮೇಲೆ ಯಜ್ಞೇಶ್ವರ ಅದೇ ಪಾನಾದಿಂದ ಮತ್ತೊಮ್ಮೆ ನೋಡಿ, ಪಕ್ಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ. ಕೆಂಪು ಬಿದ್ದರೆ ಕೆಲಸ ಮುಗಿಯಿತು, ಆಮೇಲೆ ಅದನ್ನು ಯಾರೂ ನೋಡುವಂತಿಲ್ಲ. ಯಜ್ಞೇಶ್ವರ ತಾನೇ ಬಿಗಿದ ಬೋಲ್ಟುಗಳಿಗೆ ಒಂದೇ ಗೆರೆ, ಕೆಂಪು. ಅವನ ಮೇಲೆ ನೋಡುವವರು ಇರಲಿಲ್ಲ. ಹೀಗೆ ಹಳದಿ ಕೆಂಪು ಹಚ್ಚಿಕೊಂಡು ಹೊರಬರುವ ಸೈಕಲುಗಳನ್ನು ಕಂಡು, ಠಾಣೆಯಿಂದ ಬರುತ್ತಿದ್ದ ಸೋನಾಲಿ ಎಂಬ ಹುಡುಗಿ, "ಕಾಕಾ, ಹಳದೀ-ಕುಂಕೂ ಝಾಲಂ ಕಾ?" ಎಂದು ಕೇಳುತ್ತಿದ್ದಳು. ಅರಿಸಿನ ಕುಂಕುಮ ಆಯಿತೇ ಎಂದು. ಆ ಮಾತು ಅಂಗಡಿಯಲ್ಲಿ ಉಳಿದುಹೋಯಿತು.

ಸೈದಪ್ಪ ಮೊದಮೊದಲು ಕೆಂಪು ಗೆರೆಗೆ ಸಿಟ್ಟಾಗುತ್ತಿದ್ದ. ಆಮೇಲೆ ನಗುತ್ತಿದ್ದ. "ನನ್ನ ಹೇಣ್ತಿ ಸೈತ ಇಷ್ಟು ತಪಾಸ್ ಮಾಡಂಗಿಲ್ರೀ."

ಕಳೆದ ವರ್ಷ ಆಯುಧಪೂಜೆಗೆ ಕೋಣೆಯಲ್ಲಿ ಉಳಿದಿದ್ದದ್ದು ಎರಡೇ ಸೈಕಲ್. ಒಂದು ಸೋನಾಲಿಯದು, ಕೆಲಸವೆಲ್ಲ ಮುಗಿದು ಕೆಂಪು ಗೆರೆ ಬಿದ್ದದ್ದು. ಇನ್ನೊಂದು ಯಜ್ಞೇಶ್ವರನ ಸ್ವಂತದ್ದು. ಪ್ರತಿವರ್ಷದಂತೆ ರಮಾಮಣಿ ಹೋಟೆಲಿನ ಕಬ್ಬಿಣವನ್ನೆಲ್ಲ ಪೂಜೆಗೆ ಜೋಡಿಸಿದರು. ದೋಸೆ ಕಾವಲಿ, ಈಳಿಗೆಮಣೆ, ಕಾಯಿ ತುರಿಯುವ ಯಂತ್ರ, ಬಟಾಟೆಯ ಕಾಟಾ, ಕತ್ತಿ, ಸೌಟು. ನಂತರ ಹಿಂದಿನ ಕೋಣೆಗೆ ಬಂದು ಪಾನಾ, ಸ್ಕ್ರೂಡ್ರೈವರ್, ಎರಡು ಸೈಕಲ್. ಯಜ್ಞೇಶ್ವರ ಅಡ್ಡಿ ಮಾಡಲಿಲ್ಲ. ಅವನು ಸಂಶಯಪಡದಿದ್ದ ಕೆಲವೇ ಸಂಗತಿಗಳಲ್ಲಿ ಅತ್ತಿಗೆಯ ಪೂಜೆಯೂ ಒಂದು. ಪೂಜೆಗಿಟ್ಟ ಆಯುಧವನ್ನು ಮರುದಿನ ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ಅವನೂ ಮುಟ್ಟಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಅತ್ತಿಗೆ ಕುಂಕುಮ ಒರೆಸಿ ಕೊಟ್ಟರು. ಸೋನಾಲಿ ಅಪ್ಪನ ಕಾರಿನಲ್ಲಿ ಬಂದು ಸೈಕಲ್ ಒಯ್ದಳು.

ಮರುದಿನ ಅವಳು ಯೇವೂರಿನ ಬೆಟ್ಟ ಹತ್ತಿ ಇಳಿಯುವಾಗ ಬಿದ್ದಳು.

ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿದಳು. ಕುತ್ತಿಗೆಯ ಕೆಳಗಿನ ಎಲುಬು ಮುರಿದಿತ್ತು. "ಕಾಕಾ, ಬ್ರೇಕ್ ಲಾಗ್ಲಾಚ್ ನಾಹೀ." ಬ್ರೇಕ್ ಹಿಡಿಯಲೇ ಇಲ್ಲವಂತೆ. ಮುಂದಿನ ಚಕ್ರ ನಾಯಿಯಂತೆ ಊಳಿಟ್ಟಿತಂತೆ. ಹೊಸ ಬ್ರೇಕ್ ಪ್ಯಾಡ್ ಮೊದಮೊದಲು ಸರಿಯಾಗಿ ಹಿಡಿಯುವುದಿಲ್ಲ ಎಂದು ಕಾಕಾನೇ ಯಾವಾಗಲೂ ಹೇಳುವುದರಿಂದ ಅವಳು ಸುಮ್ಮನಿದ್ದಳಂತೆ. ಆಮೇಲೆ ಕೇಳಿದಳು, "ಪ್ಯಾಡ್ ನವೇ ಹೋತೇ ನಾ? ಖರಂ ಸಾಂಗಾ." ಹೊಸದೇ ಹಾಕಿದ್ದಿರಿ ತಾನೆ, ನಿಜ ಹೇಳಿ.

ಜೀವನದಲ್ಲಿ ಎಲ್ಲರನ್ನೂ ಶಂಕಿಸಿದ ಮನುಷ್ಯನನ್ನು ಅವತ್ತು ಮೊದಲ ಸಲ ಇನ್ನೊಬ್ಬರು ಶಂಕಿಸಿದರು. ಫೋನ್ ಇಟ್ಟವನು ಒಂದು ಗುಟುಕು ನೀರು ಕುಡಿದು, ಠಾಣೆಯ ಅವಳ ಮನೆಗೆ ಹೋಗಿ, ಸೈಕಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ.

ಸೈದಪ್ಪ ಆ ದಿನ ರಜೆಯಲ್ಲಿದ್ದ. ಯಜ್ಞೇಶ್ವರ ಒಬ್ಬನೇ ಬಾಗಿಲು ಹಾಕಿಕೊಂಡು ಕೂತ. ಬ್ರೇಕಿನ ಲಿವರ್ ಹಿಂಡಿದರೆ ಗಟ್ಟಿಯಾಗಿತ್ತು, ಅಂದರೆ ಕೊಳವೆಯಲ್ಲಿ ಗಾಳಿ ಸೇರಿಲ್ಲ. ಬೋಲ್ಟುಗಳ ಗೆರೆ ಮುರಿದಿರಲಿಲ್ಲ. ಪ್ಯಾಡ್ ಹೊರತೆಗೆದ. ಹೊಸ ಪ್ಯಾಡುಗಳೇ, ಆದರೆ ಮೈ ಕಪ್ಪಾಗಿ ಹೊಳೆಯುತ್ತಿತ್ತು. ಎಣ್ಣೆ ಕುಡಿದು ಸುಟ್ಟ ಪ್ಯಾಡ್. ಒಮ್ಮೆ ಎಣ್ಣೆ ಕುಡಿದರೆ ಪ್ಯಾಡ್ ಎಸೆಯುವುದೇ, ಅದು ಮತ್ತೆ ಹಿಡಿಯುವುದಿಲ್ಲ. ಮೂಸಿ ನೋಡಿದ. ಸುಟ್ಟ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಕತ್ತೆತ್ತಿ ಫೋರ್ಕನ್ನು ನೋಡಿದ. ಅದರ ನುಣುಪಾದ ಕಾಲಿನ ಮೇಲೆ, ಸೀಲಿನ ಹತ್ತಿರ, ತೆಳುವಾದ ಎಣ್ಣೆಯ ಪೊರೆ. ಫೋರ್ಕಿನ ಸರಿ ಕೆಳಗೇ ಬ್ರೇಕಿನ ಡಿಸ್ಕ್, ಪ್ಯಾಡ್ ಕಚ್ಚಿ ಹಿಡಿಯುವ ದುಂಡು ತಟ್ಟೆ.

ಫೋರ್ಕು ಸೈದಪ್ಪನ ಕೆಲಸ.

ಹೊಸದಾಗಿ ಎಣ್ಣೆ ಹಾಕಿದ ಫೋರ್ಕಿನಲ್ಲಿ ಅಷ್ಟು ಪೊರೆ ಇರುವುದು ಸಹಜ ಎಂದು ಯಜ್ಞೇಶ್ವರನಿಗೆ ಗೊತ್ತಿತ್ತು. ಆದರೂ ಮನಸ್ಸಿಗೆ ಹೊಕ್ಕದ್ದು ಹೊರಡಲಿಲ್ಲ. ಸೈದಪ್ಪ ರಬಾಳೆಯ ಹಳೆಯ ಸ್ನೇಹಿತರನ್ನು ನೋಡಲು ಆಗಾಗ ಹೋಗುತ್ತಾನಲ್ಲ. ಅಲ್ಲಿಂದ ಯಂತ್ರದ ಎಣ್ಣೆ ತಂದು ಹಾಕಿದ್ದರೆ? ಆ ಎಣ್ಣೆಗೆ ಸೀಲು ಉಬ್ಬಿ ಸೋರಿದ್ದರೆ? ಎಲ್ಲವೂ ಒಂದಕ್ಕೊಂದು ಕೂಡಿ ಬಂದವು. ಜಾತಕ ಹೊಂದಿದಾಗ ಅನುಮಾನಪಟ್ಟ ಮನುಷ್ಯ ಇದು ಇಷ್ಟು ಸಲೀಸಾಗಿ ಹೊಂದಿದಾಗ ಪಡಲಿಲ್ಲ.

ಮರುದಿನದಿಂದ ಅವನು ಸೈದಪ್ಪನನ್ನು ನೋಡತೊಡಗಿದ. ಸೈದಪ್ಪ ಕೈ ತೊಳೆಯಲು ಹೋದಾಗ ಎಣ್ಣೆ ಬಾಟಲಿಗಳನ್ನು ಬೆಳಕಿಗೆ ಹಿಡಿದ. ಅವನ ಚೀಲವನ್ನು ಸರಿಸುವ ನೆಪದಲ್ಲಿ ಎತ್ತಿ ಭಾರ ನೋಡಿದ. ಒಳಗೆ ಇದ್ದದ್ದು ಟಿಫಿನ್ ಡಬ್ಬಿ. ಒಂದು ಭಾನುವಾರ ಶಹಾಡದ ಅವನ ಮನೆಗೇ ಹೋದ. ಇಷ್ಟು ವರ್ಷ ಕರೆದರೂ ಬಾರದ ಐತಾಳರು ಬಂದರೆಂದು ಬಾಗಿ ಎಂಬ ಹೆಸರಿನ ಸೈದಪ್ಪನ ಹೆಂಡತಿ ಶೇಂಗಾ ಹೋಳಿಗೆಯನ್ನೇ ಮುಂದಿಟ್ಟಳು. ಯಜ್ಞೇಶ್ವರ ನೀರು ಬೇಕೆಂದು ತಾನೇ ಎದ್ದು ಅಡಿಗೆಮನೆಗೆ ಹೋದ, ಬಟ್ಟೆ ಒಣಗುತ್ತಿದ್ದ ಗ್ಯಾಲರಿಗೆ ಇಣುಕಿದ, ಅಲ್ಲಿ ಮೂಲೆಯಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆರೆದು ಮೂಸಿದ. ಶೇಂಗಾ ಎಣ್ಣೆ. ತಿರುಗಿದರೆ ಬಾಗಿ ಬಾಗಿಲಲ್ಲಿ ನಿಂತಿದ್ದಳು. ನೀರಿನ ಲೋಟ ಕೊಟ್ಟಳು.

ಸೋಮವಾರ ಸೈದಪ್ಪ ಬಂದು ಕೂತ. ಕೆಲಸ ಮುಟ್ಟಲಿಲ್ಲ.

"ಮನ್ಯಾಗ ಏನ್ ಹುಡುಕಿದ್ರಿ ಐತಾಳ್ರ?"

"ಎಂತ ಇಲ್ಲ."

"ಎಣ್ಣಿ ಡಬ್ಬಿ ಮೂಸಿದ್ರಂತ."

ಯಜ್ಞೇಶ್ವರ ಕೈಯಲ್ಲಿದ್ದ ಚಕ್ರವನ್ನು ಕೆಳಗಿಟ್ಟ. "ಸೋನಾಲಿಯ ಫೋರ್ಕಿಗೆ ಯಾವ ಎಣ್ಣೆ ಹಾಕಿದ್ದೆ ನೀನು? ಸರಿಯಾಗಿ ಹೇಳು. ಒಂದು ಹುಡುಗಿಯ ಎಲುಬು ಮುರಿದದೆ ಮಾರಾಯ."

ಸೈದಪ್ಪ ಎದ್ದು ನಿಂತ. "ನಿಮ್ಮ ಕಪಾಟಿನ್ಯಾಗಿನ ಎಣ್ಣಿ. ನೀವ ಅಳದು ಕೊಟ್ಟಿದ್ದು. ನೀವ ನಿಂತು ನೋಡಿದ್ದು" ಎಂದ. ಜೇಬಿನಿಂದ ಹಳದಿ ಪೆನ್ನು ತೆಗೆದು, ಕ್ಯಾಪು ಹಾಕಿದೆಯೋ ಎಂದು ನೋಡಿ, ಮೇಜಿನ ಮೇಲಿಟ್ಟ. "ಕೆಂಪು ಗೆರಿ ನಿಮ್ದಾತು. ಹಳದಿನೂ ನೀವ ಹೊಡ್ಕೋರಿ ಇನ್ನ."

ಅವನು ಹೋದ ಮೇಲೆ ಯಜ್ಞೇಶ್ವರ ಅಂಗಡಿ ತೆರೆದೇ ಇಟ್ಟ. ಆದರೆ ಕೆಲಸ ಸಾಗಲಿಲ್ಲ. ಫೋರ್ಕು ಬಿಚ್ಚಲು ತನಗೂ ಬರುತ್ತದೆ ಎಂದುಕೊಂಡಿದ್ದ, ಬರುತ್ತಲೂ ಇತ್ತು. ಆದರೆ ಒಂದು ಬೋಲ್ಟು ಬಿಗಿದು ಕೆಂಪು ಗೆರೆ ಎಳೆಯುವ ಮೊದಲು ಕೈ ನಿಲ್ಲುತ್ತಿತ್ತು. ಪಕ್ಕದಲ್ಲಿ ಹಳದಿ ಇಲ್ಲದೆ ಕೆಂಪು ಎಳೆದರೆ ಅದು ಯಾವುದರ ಮೇಲಿನ ತಪಾಸಣೆ? ತಾನು ಮಾಡಿದ್ದನ್ನು ತಾನೇ ನೋಡಿದರೆ ಅದು ನೋಡಿದಂತಾಯಿತೆ? ಇನ್ನೊಬ್ಬರ ಕೈ ಇದ್ದಾಗ ಈ ಪ್ರಶ್ನೆ ಅವನಿಗೆ ಎಂದೂ ಬಂದಿರಲಿಲ್ಲ. ಸೈದಪ್ಪ ತಪ್ಪಿದ್ದಾನೆ ಎಂದಾದರೆ ಅವನನ್ನು ಮತ್ತೆ ಕರೆಯುವಂತಿಲ್ಲ. ತಪ್ಪಿಲ್ಲ ಎಂದಾದರೆ ಅವನ ಮುಖ ನೋಡುವಂತಿಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯದೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಅವರು ಎಲ್ಲಿ ಹೋದರು?" ಎಂದು ರಮಾಮಣಿ ಎರಡು ತಟ್ಟೆ ಹಿಡಿದು ಬಂದು ಕೇಳಿದರೆ, "ಹುಷಾರಿಲ್ಲ" ಎನ್ನುತ್ತಿದ್ದ.

"ಯಾರಿಗೆ? ಅವರಿಗೋ ನಿನಗೋ?"

ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ, ಮಾಡಲು ಬೇರೇನೂ ತೋಚದೆ, ದಸರೆಯಿಂದ ಮುಟ್ಟದಿದ್ದ ತನ್ನ ಸ್ವಂತ ಸೈಕಲ್ ತೆಗೆದು ಮಲಂಗಗಡದ ರಸ್ತೆಗೆ ಹೋದ. ಏರು ಮುಗಿದು ಇಳಿಜಾರು ಬಂತು. ಬ್ರೇಕ್ ಒತ್ತಿದ. ಚಕ್ರ ನಾಯಿಯಂತೆ ಊಳಿಟ್ಟಿತು. ಸೈಕಲ್ ನಿಲ್ಲಲಿಲ್ಲ. ಕಾಲು ನೆಲಕ್ಕೆ ಊರಿ, ಚಪ್ಪಲಿ ಸವೆಸಿ, ಒಂದು ವಡಾಪಾವಿನ ಗಾಡಿಯ ಪಕ್ಕ ಹೇಗೋ ನಿಂತ.

ಅಲ್ಲಿಯೇ ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪ್ಯಾಡ್ ಬಿಚ್ಚಿದ. ಅದೇ ಕಪ್ಪು ಹೊಳಪು. ಈ ಫೋರ್ಕನ್ನು ಸೈದಪ್ಪ ಮುಟ್ಟಿರಲಿಲ್ಲ. ತನ್ನ ಸೈಕಲನ್ನು ಯಜ್ಞೇಶ್ವರ ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಹಾಗಾದರೆ ಯಾರು? ಕೋಣೆಗೆ ಬೀಗ ಇತ್ತು. ಕೀಲಿ ತನ್ನ ಬಳಿ. ಒಬ್ಬೊಬ್ಬರನ್ನೇ ನೆನೆದು ಒಬ್ಬೊಬ್ಬರನ್ನೇ ಕಳೆಯುತ್ತ ಬಂದ. ಕೊನೆಗೆ ಉಳಿದದ್ದು ತಾನೊಬ್ಬನೇ. ವಡಾಪಾವಿನವನು, "ಕ್ಯಾ ಹುವಾ ಅಂಕಲ್, ಚಕ್ಕರ್ ಆಯಾ ಕ್ಯಾ?" ಎಂದು ನೀರು ಕೊಟ್ಟ. ತಲೆ ಸುತ್ತಿತೇ ಎಂದು.

ಅವನು ಮನೆಗೆ ಹೋಗಲಿಲ್ಲ. ಸೈಕಲನ್ನು ವಡಾಪಾವಿನವನ ಬಳಿ ಬಿಟ್ಟು, ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ, ರಿಕ್ಷಾ ಹಿಡಿದು ಕಲ್ಯಾಣಕ್ಕೆ, ಅಲ್ಲಿಂದ ಶಹಾಡಕ್ಕೆ ಹೋದ. ಯಾವ ಗಾಡಿ ಎಂದು ಯಾರನ್ನೂ ಕೇಳಲಿಲ್ಲವಂತೆ.

ಬಾಗಿಲು ತೆರೆದದ್ದು ಬಾಗಿ. "ಬರ್ರಿ. ಎಣ್ಣಿ ಡಬ್ಬಿ ಅಲ್ಲೇ ಅದ. ಇವತ್ತ ಹೊಸಾದು ತಂದೀವಿ, ಅದನೂ ಮೂಸಿ ನೋಡ್ರಿ" ಎಂದಳು. ಯಜ್ಞೇಶ್ವರ ತಲೆ ತಗ್ಗಿಸಿ ಒಳಗೆ ಬಂದು ಪೇಪರಿನ ಪೊಟ್ಟಣವನ್ನು ಸೈದಪ್ಪನ ಮುಂದೆ ಬಿಚ್ಚಿದ.

"ಇದು ನನ್ನ ಸೈಕಲಿಂದು. ನೀನು ಮುಟ್ಟಿದ್ದಲ್ಲ. ನನಗೆ ಎಂತದೂ ತಿಳಿಯುವುದಿಲ್ಲ ಸೈದಪ್ಪ. ನೀನು ನೋಡು."

ಸೈದಪ್ಪ ಪ್ಯಾಡ್ ಎತ್ತಿಕೊಂಡು, ಬೆಂಕಿಕಡ್ಡಿ ಗೀರಿ ತುಸು ಬಿಸಿ ಮಾಡಿ, ಮೂಗಿಗೆ ಹಿಡಿದ. ಅವನ ಹುಬ್ಬು ಏರಿತು. ಹೆಂಡತಿಯ ಮೂಗಿಗೆ ಹಿಡಿದ. ಬಾಗಿ ಮುಖ ಕಿವುಚಿ, "ಅಯ್ಯ, ಕೊಬ್ರಿ ಎಣ್ಣಿ" ಎಂದಳು.

"ಹೌದಲ್ಲ" ಎಂದ ಸೈದಪ್ಪ. "ಐತಾಳ್ರ, ಇದು ಫೋರ್ಕಿನ ಎಣ್ಣಿ ಅಲ್ಲ, ರಬಾಳೆ ಎಣ್ಣಿನೂ ಅಲ್ಲ. ನಿಮ್ಮ ಅತ್ಗೀ ಅವರ ಒಗ್ಗರಣಿ."

ಯಜ್ಞೇಶ್ವರ ಪ್ಯಾಡನ್ನು ಕಸಿದುಕೊಂಡು ಮೂಸಿದ. ಅವನಿಗೆ ಈಗಲೂ ಏನೂ ಗೊತ್ತಾಗಲಿಲ್ಲ. ಹುಟ್ಟಿದಾಗ ಮೈಗೆ ಹಚ್ಚಿದ್ದು, ತಲೆಗೆ ಹಚ್ಚಿದ್ದು, ಅನ್ನದ ಜೊತೆ ಉಂಡದ್ದು. ಆ ವಾಸನೆ ಅವನ ಮೂಗಿಗೆ ವಾಸನೆಯೇ ಅಲ್ಲ. ಅವನು ಮೂಸುತ್ತಲೇ ಇದ್ದ. ಬಾಗಿ ಮೊದಲು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿ ಚಹಾಕ್ಕೆ ನೀರಿಟ್ಟಳು.

ಇಬ್ಬರೂ ಡೊಂಬಿವಲಿಗೆ ಬಂದು ಕೇಳಿದಾಗ ರಮಾಮಣಿ ಅದನ್ನು ಮುಚ್ಚಿಡಲೇ ಇಲ್ಲ. ಹೆಮ್ಮೆಯಿಂದಲೇ ಹೇಳಿದರು. "ಹೌದು, ಹಚ್ಚಿದ್ದೇನೆ. ಮಳೆಗಾಲದಲ್ಲಿ ಯಾರದೋ ಸೈಕಲಿನ ಆ ದುಂಡು ತಟ್ಟೆ ತುಕ್ಕು ಹಿಡಿದು ಕೆಂಪಾದದ್ದು ನೋಡಿದ್ದೆ. ಈಳಿಗೆಗೆ ಹಚ್ಚುವುದಿಲ್ಲವಾ? ಹಾಗೇ ಎರಡಕ್ಕೂ ಚೆಂದ ಮಾಡಿ ಉಜ್ಜಿದೆ. ಹೇಗೆ ಹೊಳೆಯುತ್ತಿತ್ತು ಗೊತ್ತುಂಟಾ!" ಆಮೇಲೆ ಇಬ್ಬರ ಮುಖವನ್ನೂ ನೋಡಿದರು. ಸೋನಾಲಿ ಬಿದ್ದದ್ದು ಅವರಿಗೆ ಗೊತ್ತಿತ್ತು. ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. "ಅದರಿಂದಲಾ?"

"ಅಲ್ಲ" ಎಂದ ಯಜ್ಞೇಶ್ವರ. "ನೀವು ಹಚ್ಚಿದ್ದು ಪೂಜೆಗೆ. ಗಾಡಿ ಕೊಡುವಾಗ ನಾನು ನೋಡಬೇಕಿತ್ತು. ಕೆಂಪು ಗೆರೆ ಉಂಟಲ್ಲ ಅಂತ ನೋಡಲಿಲ್ಲ."

ಮರುದಿನ ಅವರು ಮೂವರೂ ಠಾಣೆಗೆ, ಸೋನಾಲಿಯ ಮನೆಗೆ ಹೋದರು. ರಮಾಮಣಿ ಡಬ್ಬಿ ತುಂಬ ಚಕ್ಕುಲಿ ಹಿಡಿದಿದ್ದರು. ಯಜ್ಞೇಶ್ವರ ಸೋನಾಲಿಗೆ ಇದ್ದದ್ದು ಇದ್ದ ಹಾಗೆ ಹೇಳಿದ, ಅತ್ತಿಗೆಯ ಹೆಸರು ಹೇಳದೆ, 'ಅಂಗಡಿಯ ಪೂಜೆ' ಎಂದಷ್ಟೇ. ಆದರೆ ರಮಾಮಣಿ ತಾವೇ ಮುಂದೆ ಬಂದು, ತಮಗೆ ಬರುವಷ್ಟು ಮರಾಠಿಯಲ್ಲಿ, "ಮೀ ಕೇಲಂ ಬಾಳಾ" ಎಂದರು. ನಾನು ಮಾಡಿದ್ದು ಮಗು. ಸೋನಾಲಿ ಕಟ್ಟು ಹಾಕಿದ ಕೈಯನ್ನು ಎದೆಗೆ ಹಿಡಿದುಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು. "ದೇವಾಚ್ಯಾ ತೇಲಾನೆ ಪಡ್ಲೇ ಮೀ?" ದೇವರ ಎಣ್ಣೆಯಿಂದ ಬಿದ್ದೆನೆ ನಾನು? ನಗಲು ಹೋಗಿ, ಎಲುಬು ನೋಯಿತೆಂದು ನಿಲ್ಲಿಸಿದಳು. ಅವಳ ಅಪ್ಪ ಮಾತ್ರ ನಗಲಿಲ್ಲ. ಬಾಗಿಲವರೆಗೆ ಬಂದು, ಇನ್ನು ಸೈಕಲನ್ನು ಬೇರೆ ಕಡೆ ಕೊಡುತ್ತೇವೆ ಎಂದು ಹೇಳಿ ಕೈ ಮುಗಿದರು. ಯಜ್ಞೇಶ್ವರ, "ಕೊಡಿ. ಅಲ್ಲಿಯೂ ಒಮ್ಮೆ ನೋಡಿಕೊಳ್ಳಿ" ಎಂದ.

ಸೈದಪ್ಪ ಮತ್ತೆ ಕೆಲಸಕ್ಕೆ ಬಂದ. ಹೇಗೆ ಬಂದ ಎಂದು ಕೇಳಿದರೆ ಹೇಳುವುದು ಕಷ್ಟ. ಕ್ಷಮೆ ಎಂಬ ಮಾತು ಯಜ್ಞೇಶ್ವರನ ಬಾಯಲ್ಲಿ ಬರಲಿಲ್ಲ. ಅವನು ಶಹಾಡಕ್ಕೆ ಮತ್ತೊಂದು ಸಲ ಹೋಗಿ, ಹಳದಿ ಪೆನ್ನನ್ನು ಮೇಜಿನ ಮೇಲಿಟ್ಟು, ಹೋಳಿಗೆ ತಿಂದು ಬಂದ. ಮರುದಿನ ಸೈದಪ್ಪ ಅಂಗಡಿಗೆ ಬಂದಾಗ ಯಜ್ಞೇಶ್ವರ ಆಗಷ್ಟೇ ಒಂದು ಬ್ರೇಕಿನ ಕೆಲಸ ಮುಗಿಸಿ ಕೆಂಪು ಗೆರೆ ಎಳೆದಿದ್ದ. ಟಾರ್ಕ್ ಪಾನಾವನ್ನು ಅವನ ಕಡೆ ಚಾಚಿದ.

"ಏನ್ರೀ?"

"ನೋಡು."

"ಕೆಂಪು ಬಿದ್ದದಲ್ಲ."

"ಬಿದ್ದದ್ದಕ್ಕೇ ನೋಡು ಅಂದದ್ದು. ನನ್ನದನ್ನು ಯಾರು ನೋಡುವುದು?"

ಸೈದಪ್ಪ ನೋಡಿದ. ಟಕ್ ಎಂದಿತು. ಪಕ್ಕದಲ್ಲಿ ಹಳದಿ ಗೆರೆ ಎಳೆದ. ಆವತ್ತಿನಿಂದ ಸೈದಪ್ಪನ ಬೋಲ್ಟನ್ನು ಯಜ್ಞೇಶ್ವರ, ಯಜ್ಞೇಶ್ವರನ ಬೋಲ್ಟನ್ನು ಸೈದಪ್ಪ. ಯಜ್ಞೇಶ್ವರನ ಸಂಶಯ ಕಡಿಮೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದರೊಳಗೆ ಅವನೂ ಸೇರಿಕೊಂಡ, ಅಷ್ಟೇ. ಪ್ಯಾಡುಗಳನ್ನು ಮೂಸುವ ಕೆಲಸ ಮಾತ್ರ ಪೂರ್ತಿ ಸೈದಪ್ಪನಿಗೆ ಹೋಯಿತು. "ನಿಮ್ಮ ಮೂಗಿಗೆ ಪೆನ್ಶನ್ ಕೊಟ್ಟೀವಿ" ಎನ್ನುತ್ತಿದ್ದ ಅವನು.

ಈ ವರ್ಷ ನವರಾತ್ರಿಯ ಹೊತ್ತಿಗೆ ಸೋನಾಲಿ ತಿರುಗಿ ಬಂದಳು. ಅಪ್ಪನಿಗೆ ಹೇಳದೆ ಬಂದಿದ್ದಳು, ದಸರೆಯ ದಿನ ಮತ್ತೆ ಯೇವೂರಿಗೆ ಹೋಗಬೇಕೆಂದು. ಕಾಟಾದ ಮೇಲೆ ತಾನೇ ಹತ್ತಿ ನಿಂತಳು. ಅವಳ ಸೈಕಲ್ ಪೂಜೆಗೆ ಮೊದಲೇ ಕೋಣೆಯಿಂದ ಹೊರಗೆ ಹೋಗಬೇಕು ಎಂದು ಯಜ್ಞೇಶ್ವರ ಹಟ ಹಿಡಿದ. ಅತ್ತಿಗೆಗೆ ಬೇಸರವಾಗಬಾರದೆಂದು, ಸವೆದು ಎಸೆಯಬೇಕಾದ ಹಳೆಯ ಡಿಸ್ಕುಗಳನ್ನು ಹುಡುಕಿ, ತೊಳೆದು, ಹಿತ್ತಾಳೆಯ ತಟ್ಟೆಯಲ್ಲಿ ಜೋಡಿಸಿಟ್ಟ. "ಇವಕ್ಕೆ ಎಷ್ಟು ಬೇಕಾದರೂ ಹಚ್ಚಿ ಅತ್ತಿಗೆ" ಎಂದ. ರಮಾಮಣಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ನಿಜವಾಗಿ ಹಳೆಯದೇ ಹೌದಾ? ಸೈದಪ್ಪನವರಿಗೂ ಒಮ್ಮೆ ತೋರಿಸಿದ್ದೀಯಾ?" ಎಂದರು. ಮೂವರೂ ನಕ್ಕರು.

ಆಯುಧಪೂಜೆಯ ಹಿಂದಿನ ಸಂಜೆ ಸೈದಪ್ಪ ಸೋನಾಲಿಯ ಫೋರ್ಕನ್ನು ಮುಗಿಸಿದ. ಯಜ್ಞೇಶ್ವರ ಅದನ್ನು ನೋಡಿದ, ಎರಡು ಸಲ. ಹೊಸ ಪ್ಯಾಡ್ ಹಾಕಿ, ಡಿಸ್ಕನ್ನು ಸ್ಪಿರಿಟ್‌ನಿಂದ ಒರೆಸಿ, ಗಲ್ಲಿಯಲ್ಲಿ ಅತ್ತಿತ್ತ ಓಡಿಸಿ ಬ್ರೇಕ್ ಹಿಡಿಸಿ ತಂದ. ಸ್ವಲ್ಪ ಬೆವರಿದ್ದ. "ಸೆಖೆ" ಎಂದ. ಮುಂದಿನ ಬ್ರೇಕಿನ ಕೊನೆಯ ಬೋಲ್ಟು ಬಿಗಿದ, ಟಕ್ ಕೇಳಿದ, ಕೆಂಪು ಗೆರೆ ಎಳೆದು ಪೆನ್ನಿನ ಕ್ಯಾಪು ಹಾಕಿದ. ಸ್ಟೂಲಿನ ಮೇಲೆ ಕೂತು, ಪಾನಾವನ್ನು ಹಿಡಿಯ ಕಡೆ ಮುಂದಾಗಿ ಸೈದಪ್ಪನಿಗೆ ಚಾಚಿ, "ಒಮ್ಮೆ ನೋಡು ಮಾರಾಯ" ಎಂದ.